ಟ್ರೇಲರ್ ಎಳೆಯುವಾಗ ತೂಕದ ಲೆಕ್ಕ ತಪ್ಪದಿರಲಿ

ಮಾನ್ಯ ಸಂಪಾದಕರೇ,

ಸ್ಪೋರ್ಟ್ಸ್ ಕಾರನ್ನು ಟ್ರೇಲರಿನ ಮೇಲೇರಿಸಿ ಪಿಕಪ್‌ನಿಂದ ಎಳೆದೊಯ್ಯುವ ಅನೇಕರು ಎಂಜಿನ್ನಿನ ಶಕ್ತಿಯನ್ನಷ್ಟೇ ನೋಡಿ ತೂಕದ ಹಂಚಿಕೆಯನ್ನು ಮರೆಯುವುದು ಆತಂಕದ ಸಂಗತಿ. ಕಾರು ಮತ್ತು ಟ್ರೇಲರಿನ ಒಟ್ಟು ತೂಕದಲ್ಲಿ ಸಾಮಾನ್ಯವಾಗಿ ಶೇ 10ರಿಂದ 15ರಷ್ಟು ಭಾರ ಪಿಕಪ್‌ನ ಕೊಂಡಿಯ ಮೇಲೆ ಬೀಳಬೇಕು. ಒಟ್ಟು 2,000 ಕಿಲೋ ಇದ್ದರೆ 200ರಿಂದ 300 ಕಿಲೋ. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಪೋರ್ಷೆ 911ರಂತೆ ಎಂಜಿನ್ ಹಿಂಬದಿಯಲ್ಲಿರುವ ಕಾರುಗಳಲ್ಲಿ ಈ ಅಪಾಯ ಹೆಚ್ಚಾಗಿರುವುದರಿಂದ, ಅವನ್ನು ಇನ್ನಷ್ಟು ಮುಂದಕ್ಕೆ ನಿಲ್ಲಿಸಬೇಕು ಅಥವಾ ಹಿಮ್ಮುಖವಾಗಿ ಏರಿಸಬೇಕು.

ಕಾರನ್ನು ಟ್ರೇಲರಿಗೆ ಕಟ್ಟುವಾಗ ಅದರ ಚಾಸಿಗೆ, ಅಂದರೆ ಚೌಕಟ್ಟಿಗೆ, ಪಟ್ಟಿ ಬಿಗಿದರೆ, ಚಕ್ರಗಳ ಮೇಲಿನ ಸ್ಪ್ರಿಂಗುಗಳು (ಸಸ್ಪೆನ್ಷನ್) ಕುಣಿದಂತೆಲ್ಲ ಪಟ್ಟಿ ಸಡಿಲಗೊಳ್ಳುತ್ತದೆ. ಹೀಗೆ ನಾನೇ ಬಿಗಿದಿದ್ದ ಪಟ್ಟಿಯನ್ನು ಒಮ್ಮೆ ಅರ್ಧ ಗಂಟೆಯ ಪ್ರಯಾಣದ ಬಳಿಕ ಮುಟ್ಟಿ ನೋಡಿದಾಗ, ಅದು ಕೈಯಲ್ಲಿ ಹಗ್ಗದಂತೆ ಜೋತುಬಿದ್ದಿತ್ತು. ಆ ಕ್ಷಣದ ಭಯ ಇಂದಿಗೂ ಮಾಸಿಲ್ಲ. ಅಂದಿನಿಂದ ನಾಲ್ಕೂ ಟೈರುಗಳನ್ನೇ ಸುತ್ತಿ ಹಿಡಿಯುವ ಪಟ್ಟಿಗಳನ್ನು ಬಳಸುತ್ತಿದ್ದೇನೆ, ಹೊರಟ ಸ್ವಲ್ಪ ದೂರದಲ್ಲೇ ನಿಲ್ಲಿಸಿ ಮತ್ತೆ ಬಿಗಿಯುತ್ತಿದ್ದೇನೆ. ಸುರಕ್ಷತಾ ಸರಪಳಿಗಳನ್ನು ಕೊಂಡಿಯ ಕೆಳಗೆ ಅಡ್ಡಡ್ಡವಾಗಿ ಹಾಕಿದರೆ, ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ರಸ್ತೆಗೆ ಬಡಿಯದೆ ಅವುಗಳ ಮೇಲೆ ನಿಲ್ಲುತ್ತದೆ.

ಟ್ರೇಲರ್ ಹೊಯ್ದಾಡಿದಾಗ ಗಾಬರಿಯಿಂದ ಪಿಕಪ್‌ನ ಬ್ರೇಕ್ ಒತ್ತುವುದಾಗಲಿ ಸ್ಟಿಯರಿಂಗ್ ತಿರುವುವುದಾಗಲಿ ಸಲ್ಲದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆ್ಯಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ಪ್ರತ್ಯೇಕ ನಿಯಂತ್ರಣವಿದ್ದರೆ ಟ್ರೇಲರಿನ ಬ್ರೇಕನ್ನು ಮಾತ್ರ ಹಾಕಬೇಕು. ಟ್ರೇಲರನ್ನು ಬಾಡಿಗೆಗೆ ಕೊಡುವವರು ಇಷ್ಟನ್ನಾದರೂ ಗ್ರಾಹಕರಿಗೆ ಕೈಯಾರೆ ಮಾಡಿ ತೋರಿಸಿಯೇ ಕೀಲಿ ಒಪ್ಪಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ