ಹೊಟ್ಟೆ ಮೇಲಿನ ಚೀಲವೂ ತೆರೆಗೆ ಬರಲಿ

ಮಾನ್ಯರೆ,

ಕರುಳಿನ ಕ್ಯಾನ್ಸರ್ ಆಪರೇಷನ್ ಆದಮೇಲೆ ನಮ್ಮ ಅಪ್ಪನಿಗೆ ಕೊಲೊಸ್ಟಮಿ ಮಾಡಿದರು. ಹೊಟ್ಟೆಯ ಮೇಲೆ ಸಣ್ಣ ದ್ವಾರ, ಅದಕ್ಕೆ ಅಂಟಿಸಿದ ಚೀಲ. ಮಲ ಅದರಲ್ಲೇ ಬೀಳುತ್ತದೆ. ಆ ದ್ವಾರ ಕೆನ್ನೆಯ ಒಳಭಾಗದ ಹಾಗೆ ಕೆಂಪಗೆ, ತೇವವಾಗಿರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ಇದನ್ನು ಯಾರಾದರೂ ಮೊದಲೇ ತೋರಿಸಿದ್ದರೆ ಅಪ್ಪ ಅಷ್ಟು ಹೆದರುತ್ತಿರಲಿಲ್ಲ ಅಲ್ವಾ? ಆರು ತಿಂಗಳು ಒಂದು ಮದುವೆಗೂ ಹೋಗಲಿಲ್ಲ. ವಾಸನೆ ಬಂದರೆ ಅನ್ನೋ ಭಯ.

ನಮ್ಮ ಹುಡುಗ ಹುಡುಗಿಯರು ಎಷ್ಟೊಂದು ಕಿರುಚಿತ್ರ ಮಾಡುತ್ತಾರೆ. ಇದರ ಬಗ್ಗೆಯೂ ಒಂದು ಮಾಡಲಿ, ಐದು ನಿಮಿಷ ಸಾಕು. ಅಳಿಸುವ ಸಂಗೀತ ಬೇಡ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡುವುದು, ಅಂಟಿಸುವ ಬಿಲ್ಲೆಯನ್ನು ದ್ವಾರದ ಅಳತೆಗೆ ಕತ್ತರಿಸುವುದು, ಸಡಿಲವಾಗಿ ಪಂಚೆ ಉಟ್ಟು ಬಸ್ ಹತ್ತುವುದು, ಇಷ್ಟನ್ನೇ ತೋರಿಸಲಿ. ಚೀಲ ಹಾಕಿಕೊಂಡು ಬದುಕುತ್ತಿರುವವರೇ ನಟಿಸಿದರೆ ಇನ್ನೂ ಚೆನ್ನ. ಆಪರೇಷನ್‌ಗೆ ಮುಂಚೆ ವಾರ್ಡಿನಲ್ಲೇ ರೋಗಿಗೆ, ಮನೆಯವರಿಗೆ ಈ ಚಿತ್ರ ಹಾಕಿ ತೋರಿಸಬಹುದು.

ಹೀಗೆ ಹೊಟ್ಟೆಯ ಮೇಲೆ ದ್ವಾರ ಮಾಡಿಸಿಕೊಂಡವರಿಗಾಗಿ 1993ರಲ್ಲಿ ಶುರುವಾದ ವಿಶ್ವ ಆಸ್ಟಮಿ ದಿನ ಬರುವುದು ಅಕ್ಟೋಬರ್ ಮೊದಲ ಶನಿವಾರ. ಅಷ್ಟರೊಳಗೆ ಯಾರಾದರೂ ಕ್ಯಾಮೆರಾ ಹಿಡಿದು ಬಂದರೆ, ಅಪ್ಪ ಅಂಗಿ ಎತ್ತಿ ತೋರಿಸಲು ಸಿದ್ಧರಿದ್ದಾರೆ.

– ಒಬ್ಬ ಮಗಳು, ದಾವಣಗೆರೆ