ಭಂಗಿ ತೆಗೆದುಕೊಂಡರೆ ಕಳ್ಳತನವೇ?

ಸಂಪಾದಕರೇ,

ಹಳೆಯ ಚಿತ್ರದ ಭಂಗಿ ಹೊಸ ಚಿತ್ರದಲ್ಲಿ ಕಂಡರೆ ಸಾಕು, ನಕಲು ಅಂತ ಮೂಗು ಮುರಿಯುವವರೇ ಜಾಸ್ತಿ. ಇದು ಅನ್ಯಾಯ. ಫ್ರಾನ್ಸಿನ ಚಿತ್ರಕಾರ ಎಡ್ವರ್ಡ್ ಮಾನೆ 1863ರಲ್ಲಿ ಬರೆದ ‘ಒಲಿಂಪಿಯಾ’ ನೋಡಿ. ಒರಗಿ ಮಲಗಿದ ಹೆಣ್ಣಿನ ಭಂಗಿ 16ನೇ ಶತಮಾನದ ಇಟಲಿಯ ಚಿತ್ರಕಾರ ಟಿಶಿಯನ್‌ನ ‘ಉರ್ಬಿನೋದ ವೀನಸ್’ನಿಂದ ಬಂದದ್ದು, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಆದರೆ ಟಿಶಿಯನ್ ಕಾಲ ಬಳಿ ಮಲಗಿಸಿದ್ದ ನಾಯಿಯ ಜಾಗದಲ್ಲಿ ಮಾನೆ ಬೆನ್ನು ಸೆಟೆಸಿದ ಕಪ್ಪು ಬೆಕ್ಕು ನಿಲ್ಲಿಸಿದ, ಮೈಮೇಲಿನ ಮೃದು ನೆರಳು ಅಳಿಸಿದ, ತೊಡೆಯ ಮೇಲೆ ಸಡಿಲವಾಗಿದ್ದ ಕೈಯನ್ನು ಬಿಗಿಯಾಗಿ ಊರಿಸಿದ. ಆ ಒಂದು ಕೈಯಿಂದಲೇ ಚಿತ್ರದ ಅರ್ಥ ತಿರುಗಿಬಿಟ್ಟಿತು ಅಲ್ವಾ! ಪಿಕಾಸೋ ಕೂಡ 1957ರಲ್ಲಿ 17ನೇ ಶತಮಾನದ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ ಚಿತ್ರವೊಂದನ್ನೇ ಹಿಡಿದು ಹತ್ತಾರು ಚಿತ್ರ ಬರೆದ. ದಯವಿಟ್ಟು ಇಂಥ ಚಿತ್ರಗಳ ವಿಮರ್ಶೆ ಹಾಕುವಾಗ ಮೂಲವನ್ನೂ ಪಕ್ಕದಲ್ಲೇ ಅಚ್ಚು ಮಾಡಿ, ಓದುಗರೇ ಹೋಲಿಸಿ ನೋಡಲಿ.

– ಒಬ್ಬ ಓದುಗ