ಶೂನ್ಯ ದೂರಿನ ಶಾಲೆಗೆ ಶಹಬ್ಬಾಸ್‌ಗಿರಿ ಬೇಡ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು. ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುವ ಶಿಕ್ಷಕಿ. ಮಕ್ಕಳು ಮಕ್ಕಳಿಗೇ ಕೊಡುವ ಕಿರುಕುಳದ ಬಗ್ಗೆ ಎಷ್ಟು ದೂರುಗಳು ಬಂದಿವೆ ಎಂದು ಕೇಳುವ ಕಾಲಂ ಒಂದು ನಾವು ಇಲಾಖೆಗೆ ಕಳುಹಿಸುವ ವಾರ್ಷಿಕ ವರದಿಯಲ್ಲಿದೆ. ಅಲ್ಲಿ ‘ಇಲ್ಲ’ ಎಂದು ಬರೆದ ಶಾಲೆಗೆ ಒಳ್ಳೆಯ ಹೆಸರು. ಇದ್ದದ್ದನ್ನು ಇದ್ದಂತೆ ಬರೆದ ಮುಖ್ಯೋಪಾಧ್ಯಾಯರಿಗೆ ವಿವರಣೆ ಕೇಳಿ ನೋಟಿಸು. ಹೀಗಿರುವಾಗ ಯಾರು ತಾನೇ ನಿಜ ಬರೆಯುತ್ತಾರೆ?

‘ಇಲ್ಲ’ ಎಂಬ ಆ ಉತ್ತರದ ಹಿಂದೆ ಏನಿರುತ್ತದೆ ಎಂಬುದನ್ನು ತಮಗೆ ಹೇಳಬೇಕು. ಎಂಟನೇ ತರಗತಿಯ ಹುಡುಗನೊಬ್ಬ ಶಾಲೆಗೆ ಬಂದ ಮೇಲೆ ನೀರನ್ನೇ ಕುಡಿಯುವುದಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಅದರ ಬಾಗಿಲಲ್ಲಿ ಮೂವರು ಅವನಿಗಾಗಿಯೇ ಕಾದಿರುತ್ತಾರೆ. ಸಂಜೆಯ ಗಂಟೆ ಬಾರಿಸಿದರೂ ಅವನ ಬಾಟಲಿ ತುಂಬಿಯೇ ಇರುತ್ತದೆ. ಇನ್ನೊಬ್ಬ ಹುಡುಗಿಯ ಗೆಳತಿಯರು ರಾತ್ರೋರಾತ್ರಿ ಅವಳೊಬ್ಬಳನ್ನು ಬಿಟ್ಟು ಹೊಸ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದಾರೆ. ಮರುದಿನ ಅವಳು ಬೆಂಚಿನಲ್ಲಿ ಕುಳಿತ ಕೂಡಲೇ ಪಕ್ಕದವರು ಒಂದು ಗೇಣು ಆಚೆ ಸರಿಯುತ್ತಾರೆ. ಯಾರೂ ಹೊಡೆದಿಲ್ಲ, ಯಾರೂ ಬೈದಿಲ್ಲ. ಅವಳು ಏನೆಂದು ದೂರು ಬರೆದುಕೊಡಬೇಕು?

‘ಮಕ್ಕಳೆಂದ ಮೇಲೆ ಜಗಳ ಇದ್ದದ್ದೇ’ ಎಂದು ತಳ್ಳಿಹಾಕುವವರು ಬಹಳ. ಸಮಬಲರ ಜಗಳ ಬೇರೆ, ಇದು ಬೇರೆ. ನಾರ್ವೆಯಲ್ಲಿ ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಮೂರು ಲಕ್ಷಣಗಳನ್ನು ಗುರುತಿಸಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲದಲ್ಲಿ ಅಂತರ. ಮೂರನೆಯದೇ ಮುಖ್ಯವೆಂದು ನನ್ನ ಅಭಿಪ್ರಾಯ. ಬಲವೆಂದರೆ ತೋಳ್ಬಲವಷ್ಟೇ ಅಲ್ಲ. ಸುತ್ತ ನಿಲ್ಲುವ ಗೆಳೆಯರೂ ಬಲವೇ, ಚುರುಕಾದ ನಾಲಿಗೆಯೂ ಬಲವೇ. ಕಾಡುವ ಮಗು ಎಷ್ಟೋ ಸಲ ತರಗತಿಯ ಅಚ್ಚುಮೆಚ್ಚಿನ ಮಗುವೇ ಆಗಿರುತ್ತದೆ. ಅದಕ್ಕೇ ನಮ್ಮ ಕಣ್ಣು ಅತ್ತ ಹೋಗುವುದಿಲ್ಲ.

ದೊಡ್ಡವರಾದ ಮೇಲೆ ಮರೆಯುತ್ತಾರೆ ಎಂಬ ಮಾತೂ ಸುಳ್ಳು. ಬ್ರಿಟನ್ನಿನಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಹಿಂಬಾಲಿಸಿದ್ದಾರೆ. 7 ಮತ್ತು 11ನೇ ವಯಸ್ಸಿನಲ್ಲಿ ಪದೇ ಪದೇ ಕಾಟಕ್ಕೊಳಗಾದವರಲ್ಲಿ 50ನೇ ವಯಸ್ಸಿನಲ್ಲೂ ಖಿನ್ನತೆ ಹೆಚ್ಚಾಗಿತ್ತು, ಆರೋಗ್ಯ ಕುಂದಿತ್ತು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಇಷ್ಟಾದರೂ ಮಗು ಯಾಕೆ ಬಾಯಿ ಬಿಡುವುದಿಲ್ಲ? ಬಾಯಿ ಬಿಟ್ಟರೆ ನಡೆಯುವುದು ಇಷ್ಟು. ಮುಖ್ಯೋಪಾಧ್ಯಾಯರ ಕೋಣೆಗೆ ಇಬ್ಬರನ್ನೂ ಒಟ್ಟಿಗೆ ಕರೆಸುತ್ತಾರೆ. ಮೇಜಿನ ಮುಂದೆ ಅಕ್ಕಪಕ್ಕ ನಿಲ್ಲಿಸುತ್ತಾರೆ. ‘ಏನಾಯಿತು, ಇವನ ಎದುರೇ ಹೇಳು’ ಎನ್ನುತ್ತಾರೆ. ಹುಡುಗ ನೆಲ ನೋಡುತ್ತಾನೆ. ‘ಸರಿ, ಕೈ ಕುಲುಕಿ, ಸಾರಿ ಹೇಳಿ, ಇನ್ನು ಮುಂದೆ ಗೆಳೆಯರು’ ಎಂದು ಪ್ರಕರಣ ಮುಗಿಸುತ್ತಾರೆ. ಕುಲುಕಿದ ಕೈಯನ್ನು ಕಾಡಿದವನು ಗಟ್ಟಿಯಾಗಿ ಹಿಸುಕಿದ್ದು ಮೇಜಿನಾಚೆ ಕುಳಿತವರಿಗೆ ಕಾಣುವುದಿಲ್ಲ. ಮರುದಿನದಿಂದ ‘ಚಾಡಿಕೋರ’ ಎಂಬ ಹೆಸರೂ ಸೇರಿಕೊಳ್ಳುತ್ತದೆ. ಬಲದಲ್ಲಿ ಅಂತರವಿರುವ ಇಬ್ಬರ ನಡುವೆ ರಾಜಿ ಪಂಚಾಯಿತಿ ನಡೆಸಬಾರದು ಎಂಬ ಒಂದೇ ಒಂದು ಮಾತನ್ನು ಎಲ್ಲ ಶಾಲೆಗಳಿಗೆ ಲಿಖಿತವಾಗಿ ತಿಳಿಸಿದರೂ ದೊಡ್ಡ ಉಪಕಾರವಾದೀತು.

ಹಾಗೆಂದು ತಪ್ಪು ಮಾಡಿದವರನ್ನು ಶಾಲೆಯಿಂದ ಹೊರಹಾಕಿ ಎಂದು ನಾನು ಕೇಳುತ್ತಿಲ್ಲ. ಕಾಡುವವರೂ ಮಕ್ಕಳೇ, ಹೊರಗೆ ತಳ್ಳಿದರೆ ಅವರು ತಿದ್ದಿಕೊಳ್ಳುವುದಿಲ್ಲ.

ಕೆಲಸ ಆಗಬೇಕಿರುವುದು ಸುತ್ತ ನಿಂತು ನೋಡುವ ಮಕ್ಕಳ ನಡುವೆ. ಕೆನಡಾದ ಸಂಶೋಧಕರು ಶಾಲಾ ಮೈದಾನಗಳಲ್ಲಿ ನಡೆದದ್ದನ್ನು ಚಿತ್ರೀಕರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿರುಕುಳದ ಶೇ 88ರಷ್ಟು ಪ್ರಸಂಗಗಳಲ್ಲಿ ಇತರ ಮಕ್ಕಳು ಹಾಜರಿದ್ದರು. ಯಾರಾದರೂ ಮಧ್ಯೆ ಪ್ರವೇಶಿಸಿದ್ದು ಶೇ 19ರಷ್ಟರಲ್ಲಿ ಮಾತ್ರ. ಆದರೆ ಹಾಗೆ ಪ್ರವೇಶಿಸಿದಾಗ ಅರ್ಧಕ್ಕಿಂತ ಹೆಚ್ಚು ಸಲ ಕಾಟ ನಿಂತಿತು, ಅದೂ ಕೆಲವೇ ಸೆಕೆಂಡುಗಳಲ್ಲಿ! ಫಿನ್‌ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ 2006ರಿಂದ ರೂಪುಗೊಂಡ ‘ಕಿವಾ’ ಕಾರ್ಯಕ್ರಮ ನೆಚ್ಚಿಕೊಂಡಿರುವುದು ಈ ನೋಡುಗ ಮಕ್ಕಳನ್ನೇ. ಅಲ್ಲಿ ಪ್ರಕರಣ ಬಂದಾಗ ತರಬೇತಾದ ಶಿಕ್ಷಕರ ಸಣ್ಣ ತಂಡ ನೊಂದ ಮಗುವಿನ ಜೊತೆ ಪ್ರತ್ಯೇಕವಾಗಿ ಮಾತನಾಡುತ್ತದೆ, ಕಾಡಿದವರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತದೆ, ಕೆಲವು ದಿನ ಬಿಟ್ಟು ಮತ್ತೆ ವಿಚಾರಿಸುತ್ತದೆ. ನೊಂದ ಮಗುವಿನ ಜೊತೆಗಿರುವಂತೆ ತರಗತಿಯ ಎರಡರಿಂದ ನಾಲ್ಕು ಮಕ್ಕಳನ್ನು ಶಿಕ್ಷಕರು ಕೇಳಿಕೊಳ್ಳುತ್ತಾರೆ. ಇದನ್ನು ಓದಿದಾಗ ನನಗೆ ಬಹಳ ಸಮಾಧಾನವಾಯಿತು: ಪಕ್ಕದಲ್ಲಿ ಒಬ್ಬ ಗೆಳೆಯ ಕುಳಿತರೂ ಮಗುವಿನ ಮುಖ ಬದಲಾಗುವುದನ್ನು ನಾನು ಕಂಡಿದ್ದೇನೆ.

ಇನ್ನು ಆ ಕಾಲಂ. 2013ರಲ್ಲಿ ಜಪಾನ್ ಶಾಲಾ ಕಿರುಕುಳ ತಡೆಗೆ ಕಾನೂನು ಮಾಡಿತು. ಆ ವರ್ಷ ಅಲ್ಲಿನ ಶಾಲೆಗಳು ಗುರುತಿಸಿದ ಪ್ರಕರಣಗಳು ಸುಮಾರು 1.86 ಲಕ್ಷ, 2019ರ ಶೈಕ್ಷಣಿಕ ವರ್ಷದಲ್ಲಿ 6.12 ಲಕ್ಷ. ಮಕ್ಕಳು ಅಷ್ಟು ಕೆಟ್ಟುಹೋದರೆಂದು ಇದರ ಅರ್ಥವಲ್ಲ. ಸಣ್ಣದಿರುವಾಗಲೇ ಗುರುತಿಸಿ ದಾಖಲಿಸಿ ಎಂದು ಅಲ್ಲಿನ ಸಚಿವಾಲಯವೇ ಒತ್ತಾಯಿಸಿತು. ಶೂನ್ಯ ಎಂದು ವರದಿ ಮಾಡಿದ ಶಾಲೆ ಅದನ್ನು ಮಕ್ಕಳಿಗೂ ಪೋಷಕರಿಗೂ ತಿಳಿಸಿ, ನಿಜವೇ ಎಂದು ಪರಿಶೀಲಿಸಿಕೊಳ್ಳಬೇಕು ಎಂದೂ ಸೂಚಿಸಿತು. ನಮಗೆ ಬೇಕಿರುವುದು ಇದೇ.

ತಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ‘ದೂರುಗಳೆಷ್ಟು’ ಎಂಬ ಪ್ರಶ್ನೆಯ ಜಾಗದಲ್ಲಿ ‘ಎಷ್ಟು ಪ್ರಕರಣ ಗುರುತಿಸಿದಿರಿ, ಪ್ರತಿಯೊಂದರಲ್ಲೂ ಏನು ಮಾಡಿದಿರಿ, ತಿಂಗಳ ನಂತರ ಆ ಮಗುವನ್ನು ಮತ್ತೆ ಕೇಳಿದಿರಾ’ ಎಂದು ಕೇಳಿಸಿ. ಹೆಸರು ಬರೆಯದೆ ಉತ್ತರಿಸುವ ಸಮೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಕ್ಕಳಿಂದಲೇ ಮಾಡಿಸಿ; ಯಾವ ಜಾಗದಲ್ಲಿ ಭಯವಾಗುತ್ತದೆ ಎಂಬ ಪ್ರಶ್ನೆ ಅದರಲ್ಲಿರಲಿ. ಶೌಚಾಲಯ, ಮೆಟ್ಟಿಲು, ಶಾಲಾ ಬಸ್ಸಿನ ಹಿಂದಿನ ಸೀಟು ಎಂದು ಮಕ್ಕಳು ಖಚಿತವಾಗಿ ಬರೆಯುತ್ತಾರೆ. ವಿರಾಮದ ವೇಳೆ ಯಾವ ಶಿಕ್ಷಕರು ಎಲ್ಲಿ ನಿಲ್ಲಬೇಕೆಂಬುದು ಆಗ ತಾನಾಗಿ ಗೊತ್ತಾಗುತ್ತದೆ.

ಮೊದಲ ವರ್ಷ ಅಂಕಿ ಏರಿಯೇ ಏರುತ್ತದೆ. ಸದನದಲ್ಲಿ ತಮ್ಮನ್ನು ಪ್ರಶ್ನಿಸುತ್ತಾರೆ, ಪತ್ರಿಕೆಗಳು ಟೀಕಿಸುತ್ತವೆ. ಆಗ ತಾವು ನಿಜ ಬರೆದ ಶಾಲೆಗಳ ಬೆನ್ನಿಗೆ ನಿಲ್ಲಬೇಕು. ಪ್ರಕರಣ ದಾಖಲಿಸಿದ್ದಕ್ಕಾಗಿ ಯಾವ ಮುಖ್ಯೋಪಾಧ್ಯಾಯರಿಗೂ ನೋಟಿಸು ಹೋಗುವುದಿಲ್ಲ ಎಂಬ ಭರವಸೆ ತಮ್ಮ ಸಹಿಯೊಂದಿಗೆ ಸುತ್ತೋಲೆಯಲ್ಲಿ ಬರಲಿ. ಮುಂದಿನ ವರ್ಷದ ವರದಿ ನಮೂನೆ ಅಚ್ಚಿಗೆ ಹೋಗುವ ಮೊದಲೇ ಬರಲಿ ಎಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ